ಮಂಚದಿಂದ ಬಚ್ಚಲಿಗೆ: ಲಿಫ್ಟ್ ಕುರ್ಚಿ ಯಾರ ಮನೆಗೆ ಸರಿ?

ಬೆಂಗಳೂರಿನ ಸರ್ಜಿಕಲ್ ಅಂಗಡಿಗಳಲ್ಲಿ ಈಗ ರೋಗಿಯನ್ನು ಕೂತಂತೆಯೇ ಎತ್ತುವ ಲಿಫ್ಟ್ ಕುರ್ಚಿ ಸಿಗುತ್ತದೆ. ಕೆಲವರು ಬಾಡಿಗೆಗೂ ಕೊಡುತ್ತಾರೆ. ಇದರ ಸೀಟು ಹಿಂಬದಿಯಲ್ಲಿ ಎರಡು ಹೋಳಾಗಿ, ಗೇಟಿನಂತೆ ತೆರೆದುಕೊಳ್ಳುತ್ತದೆ. ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತವರ ಎದುರಿನಿಂದ ಕುರ್ಚಿ ತಂದು, ನಾಲ್ಕೂ ಗಾಲಿಗೆ ಬ್ರೇಕ್ ಹಾಕಿ, ಹೋಳುಗಳನ್ನು ಎರಡು ಕಡೆಯಿಂದ ತೊಡೆಯಡಿಗೆ ಸೇರಿಸಿ, ಹಿಂದೆ ಲಾಕ್ ಬೀಳಿಸಿ, ಸೊಂಟದ ಬೆಲ್ಟ್ ಬಿಗಿದು, ಹ್ಯಾಂಡಲ್ ತಿರುಗಿಸಿದರೆ ಸೀಟು ಮೇಲೇರುತ್ತದೆ.

ಕೂರಲು ಬರುತ್ತದೆ, ಆದರೆ ನಿಲ್ಲಲಾಗದು ಎನ್ನುವವರಿಗೆ ಇದು ನಿಜವಾಗಿಯೂ ವರ. ರೋಗಿಯನ್ನು ಎತ್ತುವಾಗ ಒಬ್ಬರ ಮೈಮೇಲೆ ಬೀಳುವ ಭಾರ 16 ಕೆಜಿ ದಾಟಬಾರದು ಎನ್ನುತ್ತದೆ ಕೆಲಸಗಾರರ ಆರೋಗ್ಯ, ಸುರಕ್ಷತೆ ಕುರಿತು ಸಂಶೋಧಿಸುವ ಅಮೆರಿಕದ ನಿಯೋಶ್ (NIOSH) ಸಂಸ್ಥೆಯ ಶಿಫಾರಸು. 60 ಕೆಜಿಯ ತಂದೆಯನ್ನು ಮಗಳೊಬ್ಬಳೇ ದಿನಕ್ಕೆ ಆರು ಸಲ ಎತ್ತಿದರೆ ಅವಳ ಬೆನ್ನಿನ ಗತಿ ಏನೆಂದು ಯೋಚಿಸಿ.

ಆದರೆ ಒಂದು ಕಾಲಿನ ಮೇಲಾದರೂ ಭಾರ ಬಿಡಬಲ್ಲವರಿಗೆ ಈ ಕುರ್ಚಿ ಬೇಡ. ದಿನಾ ಎದ್ದು ನಿಲ್ಲುವುದು ತಪ್ಪಿದರೆ ಇದ್ದ ಶಕ್ತಿಯೂ ಹೋಗುತ್ತದೆ. ಅವರಿಗೆ ಹಿಡಿಕೆಗಳಿರುವ ಟ್ರಾನ್ಸ್‌ಫರ್ ಬೆಲ್ಟ್ ಸಾಕು. ಅದನ್ನು ರೋಗಿಯ ಸೊಂಟಕ್ಕೆ, ಬಟ್ಟೆಯ ಮೇಲೆ, ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು ಕಟ್ಟಿ. ಹೊಟ್ಟೆಯ ಆಪರೇಷನ್ ಈಚೆಗೆ ಆಗಿದ್ದರೆ, ಪಕ್ಕೆಲುಬು ಮುರಿದಿದ್ದರೆ ಡಾಕ್ಟರನ್ನು ಕೇಳದೆ ಕಟ್ಟಬೇಡಿ. ವೀಲ್‌ಚೇರನ್ನು ರೋಗಿಯ ಕೈಕಾಲು ಗಟ್ಟಿಯಿರುವ ಕಡೆಗೆ, ಮಂಚಕ್ಕೆ ಓರೆಯಾಗಿ ಇಡಿ. ಮಲಗಿದ್ದವರನ್ನು ಒಂದೆರಡು ನಿಮಿಷ ಕೂರಿಸಿಯೇ ಎಬ್ಬಿಸಿ, ಇಲ್ಲದಿದ್ದರೆ ಬಿಪಿ ಇಳಿದು ತಲೆಸುತ್ತು ಬರಬಹುದು. ಕಂಕುಳಿಗೆ ಕೈ ಹಾಕಿ ಎತ್ತುವ ರೂಢಿಯನ್ನಂತೂ ದಯವಿಟ್ಟು ಬಿಡಿ: ಲಕ್ವ ಹೊಡೆದ ಕಡೆಯ ತೋಳು ಎಳೆದರೆ ಭುಜದ ಕೀಲು ಜಾರಬಹುದು. ಕೂತರೂ ಮೈ ವಾಲುವವರಿಗೆ ಬೆಲ್ಟೂ ಅಲ್ಲ, ಈ ಕುರ್ಚಿಯೂ ಅಲ್ಲ, ಜೋಳಿಗೆಯಂಥ ಸ್ಲಿಂಗ್ ಇರುವ ಲಿಫ್ಟೇ ಬೇಕು.

ಕುರ್ಚಿ ಕೈಕೊಡುವುದು ಹೆಚ್ಚಾಗಿ ಮನೆಯ ಅಳತೆಯಿಂದ. ಮಂಚದ ಕಡೆಗಿರುವ ಅದರ ಕಾಲುಗಳು ಮಂಚದಡಿ ತೂರಬೇಕು. ಕೆಳಗೆ ಡ್ರಾಯರ್ ಇರುವ ದಿವಾನಕ್ಕೆ ಅದು ಹತ್ತಿರವೇ ಬರುವುದಿಲ್ಲ. ಬಚ್ಚಲ ಬಾಗಿಲನ್ನು ಚೌಕಟ್ಟಿನ ಒಳಗಿನಿಂದ ಅಳೆಯಿರಿ, ಪೂರ್ತಿ ತೆರೆದಾಗಲೂ ಬಾಗಿಲ ದಪ್ಪ ಎಷ್ಟು ಜಾಗ ತಿನ್ನುತ್ತದೆ ನೋಡಿ. ಬಚ್ಚಲ ನೆಲ ತಗ್ಗಿದ್ದು ಗ್ರಾನೈಟ್ ಹೊಸ್ತಿಲು ಇದ್ದರೆ ಚಿಕ್ಕ ಗಾಲಿ ಅಲ್ಲೇ ತಡೆದು ಕುರ್ಚಿ ಮುಗ್ಗರಿಸುತ್ತದೆ. ಇಳಿಜಾರು ಹಲಗೆ ಕೂರಿಸದೆ ದಾಟಿಸಬೇಡಿ. ಸೀಟನ್ನು ಮಂಚ ಬಿಡುವಷ್ಟೇ ಎತ್ತಿ, ಮಂಚದಿಂದ ಈಚೆ ಎಳೆದುಕೊಂಡು, ಬಚ್ಚಲಿಗೆ ತಳ್ಳುವ ಮೊದಲು ತಗ್ಗಿಸಿ. ಎತ್ತರದಲ್ಲಿದ್ದರೆ ಬೇಗ ವಾಲುತ್ತದೆ. ಹೋಳುಗಳು ಕೂಡುವಲ್ಲಿ ನೈಟಿ, ಪಂಚೆ ಅಥವಾ ಚರ್ಮ ಸಿಕ್ಕಿಕೊಂಡಿಲ್ಲವೆಂದು ಕೈಯಾಡಿಸಿ ನೋಡಿ.

ನಮ್ಮ ಸಲಹೆ, ಮೊದಲು ಒಂದು ತಿಂಗಳು ಬಾಡಿಗೆಗೆ ತನ್ನಿ. ಅಂಗಡಿಯಲ್ಲೇ ಮನೆಯವರೊಬ್ಬರನ್ನು ಕೂರಿಸಿ, ಲಾಕ್ ಹಾಕಿದ ಮೇಲೆ ಹಿಂಬದಿಯ ಹೋಳುಗಳನ್ನು ಜೋರಾಗಿ ಎಳೆದು ನೋಡಿ. ಒಂದಿಷ್ಟು ಬಿಟ್ಟುಕೊಂಡರೂ ಬೇರೆ ಕುರ್ಚಿ ಕೇಳಿ.