ಸಕ್ಕರೆ, ಕೀಟೋನ್ ಎರಡನ್ನೂ ಅಳೆಯುವ ಮೀಟರ್: ಬಹುಕಾಲ ಬಳಸಿದ ಮೇಲೆ (5ಕ್ಕೆ 4 ಸ್ಟಾರ್)

ಮೀಟರ್ ಚೆನ್ನಾಗಿದೆ, ಸ್ಟ್ರಿಪ್ ದುಬಾರಿ. ಇಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಆದರೆ "ಬೆಳಿಗ್ಗೆ ಒಂದು ತೋರಿಸುತ್ತೆ, ಸಂಜೆ ಇನ್ನೊಂದು, ನಂಬೋಕಾಗಲ್ಲ" ಅಂತ ಒಂದು ಸ್ಟಾರ್ ಕೊಡುವವರಿಗೆ ಉತ್ತರ ಹೇಳಲೇಬೇಕು. ಏರಿಳಿತ ಯಂತ್ರದ್ದಲ್ಲ, ರಕ್ತದ್ದು.

ಕೀಟೋನ್ ಅಂದರೆ ದೇಹ ಕೊಬ್ಬಿನಿಂದ ಮಾಡಿಕೊಳ್ಳುವ ಇಂಧನ. ಅದು ತಯಾರಾಗೋದು ಲಿವರ್‌ನಲ್ಲಿ, ಅಪ್ಪಣೆ ಮಾತ್ರ ಇನ್ಸುಲಿನ್‌ದು. ರಕ್ತದಲ್ಲಿ ಇನ್ಸುಲಿನ್ ಸ್ವಲ್ಪ ಹೆಚ್ಚಿದರೂ ಸಾಕು, ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲ ಹೊರಬರೋದು ತಗ್ಗುತ್ತೆ, ಲಿವರ್‌ಗೆ ಕಚ್ಚಾ ಮಾಲೇ ಸಿಗಲ್ಲ. ಇನ್ಸುಲಿನ್ ಇಳಿದು ಗ್ಲೂಕಗಾನ್ (ಇನ್ಸುಲಿನ್‌ಗೆ ಎದುರಾಗಿ ಸಕ್ಕರೆ ಏರಿಸುವ ಹಾರ್ಮೋನ್) ಮೇಲುಗೈ ಪಡೆದಾಗ ಲಿವರ್‌ನಲ್ಲಿ ಮೆಲೋನಿಲ್-ಕೋಎ ಅನ್ನೋ ರಾಸಾಯನಿಕ ಕಡಿಮೆಯಾಗುತ್ತೆ. ಅದು ಒಡ್ಡಿದ್ದ ತಡೆ ತೆರೆದು ಕೊಬ್ಬಿನಾಮ್ಲ ಮೈಟೊಕಾಂಡ್ರಿಯಾದೊಳಕ್ಕೆ (ಕೋಶದಲ್ಲಿ ಇಂಧನ ಉರಿಸುವ ಭಾಗ) ಹೋಗಿ ಕೀಟೋನ್ ಆಗುತ್ತೆ.

ಬೆಳಗಿನ ಜಾವ ಕಾರ್ಟಿಸಾಲ್, ಗ್ರೋತ್ ಹಾರ್ಮೋನ್ ಏರಿ ಲಿವರ್ ಸಕ್ಕರೆ ಬಿಡುತ್ತೆ; ಅದರ ಹಿಂದೆಯೇ ಇನ್ಸುಲಿನ್ ಬರುತ್ತೆ. ಹಾಗಾಗಿ ಕಾರ್ಬ್ (ಪಿಷ್ಟ, ಸಕ್ಕರೆ) ಕಡಿಮೆ ತಿನ್ನುವವರಲ್ಲಿ ಬೆಳಿಗ್ಗೆ 7 ಗಂಟೆಗೆ ಸಕ್ಕರೆ 104 (mg/dL), ಕೀಟೋನ್ 0.4 (mmol/L) ಬಂದು, ಸಂಜೆ 5ಕ್ಕೆ 84 ಮತ್ತು 1.3 ಬಂದರೆ ಅದು ಸಹಜ. ಜೋರು ವ್ಯಾಯಾಮ ಮುಗಿದ ತಕ್ಷಣವೂ ನೋಡಬೇಡಿ, ಅಡ್ರಿನಲಿನ್ ಸಕ್ಕರೆಯನ್ನು ಮೇಲೆತ್ತಿರುತ್ತೆ. ದಿನವೂ ಒಂದೇ ಹೊತ್ತಿಗೆ, ಎರಡೂ ಸಂಖ್ಯೆ ಜೊತೆಗೆ ಬರೆದಿಡಿ. 0.3ಕ್ಕೂ 0.4ಕ್ಕೂ ವ್ಯತ್ಯಾಸ ಹುಡುಕೋದು ದುಡ್ಡು ದಂಡ. ಏಕಾದಶಿ ದಿನ ಅನ್ನ ಬಿಟ್ಟು ಅವಲಕ್ಕಿ, ಸಬ್ಬಕ್ಕಿ ಖಿಚಡಿ, ಬಾಳೆಹಣ್ಣು ತಿಂದವರು "ಉಪವಾಸ ಮಾಡಿದರೂ ಕೀಟೋನ್ ಏರಲಿಲ್ಲ" ಅನ್ನೋದುಂಟು. ಏರೋದಾದರೂ ಹೇಗೆ?

ತೂಕ ಇಳಿಸೋಕೆ ಈ ಮೀಟರ್ ಇಲ್ಲದಿದ್ದರೂ ನಡೆಯುತ್ತೆ. ಇದಕ್ಕೆ ಕೊಟ್ಟ ಕಾಸು ವಸೂಲಾಗೋದು ಟೈಪ್ 1 ಮಧುಮೇಹ (ದೇಹ ತಾನೇ ಇನ್ಸುಲಿನ್ ತಯಾರಿಸಲಾಗದ ಬಗೆ) ಇರುವವರ ಮನೆಯಲ್ಲಿ. ಜ್ವರ ಬಂದಾಗ ಅಡ್ರಿನಲಿನ್, ಕಾರ್ಟಿಸಾಲ್ ಎರಡೂ ಏರುತ್ತವೆ. ಇವು ಸಕ್ಕರೆಯನ್ನು ಏರಿಸೋದರಿಂದ ಊಟ ಸೇರದಿದ್ದರೂ ಇನ್ಸುಲಿನ್ ಬೇಕೇ ಬೇಕು. "ತಿಂದಿಲ್ಲವಲ್ಲ" ಅಂತ ಬೇಸಲ್ ಡೋಸ್ (ಊಟಕ್ಕೆಂದಲ್ಲದೆ ದಿನವಿಡೀ ಬೇಕಾದ ಇನ್ಸುಲಿನ್) ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಕೀಟೋನ್ ಹತ್ತುತ್ತೆ. 0.6ರ ಒಳಗಿದ್ದರೆ ಸರಿ. 1.5 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. 3 ದಾಟಿದರೆ, ಅಥವಾ ವಾಂತಿ ನಿಲ್ಲದಿದ್ದರೆ, ನೇರ ಆಸ್ಪತ್ರೆಗೆ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನೋ ಮಧುಮೇಹದ ಮಾತ್ರೆ ನುಂಗುವವರು ಇನ್ನೂ ಹುಷಾರಾಗಿರಬೇಕು. ಈ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಸಕ್ಕರೆ ಇಳಿದಂತೆ ಇನ್ಸುಲಿನ್ ಕೂಡ ಇಳಿಯುತ್ತೆ, ಗ್ಲೂಕಗಾನ್ ಏರುತ್ತೆ. ಹೀಗಾಗಿ ಸಕ್ಕರೆ 180ರ ಆಸುಪಾಸಿನಲ್ಲೇ ಇದ್ದು, ರಕ್ತ ಆಮ್ಲೀಯವಾಗುವಷ್ಟು ಕೀಟೋನ್ ತುಂಬಬಹುದು. ಬರೀ ಸಕ್ಕರೆ ನೋಡಿ ಸಮಾಧಾನ ಪಟ್ಟುಕೊಂಡರೆ ಅಪಾಯ. ಈ ಮಾತ್ರೆ ಜೊತೆ ಕೀಟೋ ಡಯಟ್ಟನ್ನು (ಕಾರ್ಬ್ ತೀರಾ ಕಡಿಮೆ ಇರುವ ಊಟ) ಡಾಕ್ಟರಿಗೆ ಹೇಳದೆ ಶುರು ಮಾಡಲೇಬಾರದು. ಆಪರೇಷನ್ ಇದ್ದರೆ ಕನಿಷ್ಠ 3 ದಿನ ಮುಂಚೆ ಇವನ್ನು ನಿಲ್ಲಿಸಲು ಡಾಕ್ಟರೇ ಹೇಳುತ್ತಾರೆ. ಹೇಳದಿದ್ದರೆ ನೀವೇ ಕೇಳಿ.

ಮೂತ್ರದ ಸ್ಟ್ರಿಪ್ ಅಗ್ಗ, ನಿಜ. ಅದು ಅಳೆಯೋದು ಅಸಿಟೋಅಸಿಟೇಟ್ ಅನ್ನೋ ಒಂದು ಬಗೆಯ ಕೀಟೋನನ್ನು. ಸ್ಥಿತಿ ಬಿಗಡಾಯಿಸಿದಾಗ ರಕ್ತದಲ್ಲಿ ಹೆಚ್ಚೋದು ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಅನ್ನೋ ಇನ್ನೊಂದು ಬಗೆ, ಅದು ಆ ಪಟ್ಟಿಗೆ ಕಾಣಲ್ಲ. ಚಿಕಿತ್ಸೆ ಶುರುವಾದ ಮೇಲೆ ಇದು ಅಸಿಟೋಅಸಿಟೇಟ್ ಆಗಿ ಮಾರ್ಪಡುತ್ತೆ. ಆಗ ರೋಗಿ ಚೇತರಿಸಿಕೊಳ್ಳುತ್ತಿದ್ದರೂ ಪಟ್ಟಿಯ ನೇರಳೆ ಬಣ್ಣ ಇನ್ನಷ್ಟು ಗಾಢವಾಗಿ ಮನೆಯವರು ಗಾಬರಿಯಾಗುತ್ತಾರೆ. ರಕ್ತದ ಮೀಟರ್‌ಗೆ ಈ ತೊಂದರೆ ಇಲ್ಲ.

ಇನ್ನು ಬಳಸೋ ವಿಧಾನ. ಕೀಟೋನ್ ಸ್ಟ್ರಿಪ್‌ಗೆ 1.5 ಮೈಕ್ರೊಲೀಟರ್ ರಕ್ತ ಬೇಕು, ಸಕ್ಕರೆಯದಕ್ಕೆ 0.6 ಸಾಕು. ಹಾಗಾಗಿ ಒಂದೇ ಚುಚ್ಚಿನಲ್ಲಿ ಎರಡೂ ನೋಡೋದಾದರೆ ಕೀಟೋನ್ ಮೊದಲು. ಬೆಚ್ಚಗಿನ ನೀರಲ್ಲಿ ಕೈ ತೊಳೆದು ಪೂರ್ತಿ ಒರೆಸಿ, ಬೆರಳಿನ ಪಕ್ಕಕ್ಕೆ ಚುಚ್ಚಿ, ಮೊದಲ ಹನಿ ಒರೆಸಿಬಿಡಿ. ಬೆರಳನ್ನು ಹಿಂಡಬೇಡಿ, ಕೈ ಇಳಿಬಿಡಿ. ರಕ್ತ ಸಾಲದಿದ್ದರೆ ಎಣಿಕೆ ಶುರುವೇ ಆಗಲ್ಲ, ಸ್ಟ್ರಿಪ್ ದಂಡವಾಗಬಹುದು. ಫಲಿತಾಂಶ 10 ಸೆಕೆಂಡಿಗೆ ಬರುತ್ತೆ.

ಒಂದು ಸ್ಟಾರ್ ಕಳೆದದ್ದು ಸ್ಟ್ರಿಪ್ ಬೆಲೆಗೆ. ಸಕ್ಕರೆ ಸ್ಟ್ರಿಪ್‌ಗಿಂತ ಹಲವು ಪಟ್ಟು ಜಾಸ್ತಿ, ಎಲ್ಲ ಮೆಡಿಕಲ್ ಶಾಪ್‌ಗಳಲ್ಲೂ ಸಿಗಲ್ಲ. ಶೇಖರಣೆ 30 ಡಿಗ್ರಿಯೊಳಗೆ ಇರಬೇಕು, ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಅದೇ ಕಷ್ಟ. ಮಾರ್ಚ್‌ಗೆ ಮುಂಚೆ ತರಿಸಿ ಮನೆಯ ತಂಪು ಜಾಗದಲ್ಲಿಡಿ, ಕಾರಿನ ಡ್ಯಾಶ್‌ಬೋರ್ಡಲ್ಲಂತೂ ಬೇಡ. ಹತ್ತರ ಪ್ಯಾಕ್ ಸಾಕು, ಎಕ್ಸ್‌ಪೈರಿ ನೋಡಿಯೇ ದುಡ್ಡು ಕೊಡಿ.