ಐದು ಸಾವಿರ ಸಾಲಿನ ಅಡಿಕೆ ಲೆಕ್ಕ: ವರ್ಚುವಲ್ ಲಿಸ್ಟೋ, ಕಂಟೆಂಟ್-ವಿಸಿಬಿಲಿಟಿಯೋ?

ಶಿರಸಿಯ ಒಂದು ಅಡಿಕೆ ವಖಾರಿಗೆ ಲೆಕ್ಕದ ವೆಬ್ ಆ್ಯಪ್ ಮಾಡಿಕೊಟ್ಟಿದ್ದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಹೀಗೆ ಯಾವ ಬಗೆಯ ಅಡಿಕೆ ಯಾರು ಎಷ್ಟು ಚೀಲ ತಂದರು, ಎಷ್ಟಕ್ಕೆ ಹೋಯಿತು, ಎಲ್ಲ ಒಂದೇ ಪುಟದಲ್ಲಿ. ಸಾಲು 5,000 ದಾಟಿದ ಮೇಲೆ ಸ್ಕ್ರೋಲ್ ಎಳೆದರೆ ಬಿಳಿ ಪರದೆ. ಸಾಲಿಗೆ ಒಂಬತ್ತು ಎಲಿಮೆಂಟ್ (ಪುಟ ಕಟ್ಟುವ ತುಣುಕು), ಅಂದರೆ ಒಟ್ಟು 45,000. ಪುಟದ ವೇಗ ಅಳೆಯುವ ಲೈಟ್‌ಹೌಸ್ ಇದರ ಒಂದು ಚೂರಿಗೇ ಗೊಣಗುತ್ತದೆ. ನೂರು ನೂರು ಸಾಲಿನ ಪುಟ ಮಾಡಿ ನೋಡಿದೆ. ಗುಮಾಸ್ತರು ಒಂದೇ ದಿನಕ್ಕೆ ಬೇಡವೆಂದರು.

ಆಮೇಲೆ ವರ್ಚುವಲ್ ಲಿಸ್ಟ್. ಕಾಣುವ ಹದಿನೈದು ಸಾಲು, ಆಚೀಚೆ ಹತ್ತು, ಡಾಮ್‌ನಲ್ಲಿ (ಬ್ರೌಸರ್ ಇಟ್ಟುಕೊಳ್ಳುವ ಪುಟದ ಎಲಿಮೆಂಟುಗಳ ಪಟ್ಟಿಯಲ್ಲಿ) ಇರುವುದು ಅಷ್ಟೇ. ಸ್ಕ್ರೋಲ್ ಬೆಣ್ಣೆ. ಆದರೆ ಸಾಲಿನ ಎತ್ತರ 48 ಪಿಕ್ಸೆಲ್ ಎಂದು ಹಿಡಿದಿದ್ದೆ. ಕನ್ನಡದ ಫಾಂಟ್ ತಡವಾಗಿ ಬಂತು, ಉದ್ದದ ಹೆಸರುಗಳು ಎರಡು ಸಾಲಾದವು. ಮೇಲಕ್ಕೆ ಎಳೆದಾಗೆಲ್ಲ ಪಟ್ಟಿ ಜಿಗಿಯತೊಡಗಿತು. ಎತ್ತರ ಉಳಿಸಲು ಲೈನ್-ಹೈಟ್ ಬಿಗಿ ಮಾಡಿದರೆ ‘ಕೃಷ್ಣಮೂರ್ತಿ’ಯ ಒತ್ತು ಕತ್ತರಿಸಿಹೋಯಿತು. ಕೊನೆಗೆ ಎತ್ತರ ಬದಲಾದರೆ ತಿಳಿಸುವ ರಿಸೈಜ್ ಅಬ್ಸರ್ವರ್ ಇಟ್ಟು ಒಂದೊಂದೇ ಸಾಲು ಅಳೆಯಬೇಕಾಯಿತು. ಅಷ್ಟರಲ್ಲಿ ಗುಮಾಸ್ತರ ಫೋನು: “ತಮಾ, ಪಟ್ಟಿಲಿ ಇಪ್ಪ ಹೆಸ್ರು ಹುಡ್ಕಿರೆ ಸಿಕ್ತಿಲ್ಲೆ!” ಅವರು ಒತ್ತುವುದು ಕಂಟ್ರೋಲ್ ಎಫ್. ಡಾಮ್‌ನಲ್ಲೇ ಇಲ್ಲದ ಹೆಸರು ಬ್ರೌಸರಿಗೆ ಎಲ್ಲಿ ಸಿಗಬೇಕು?

ಆಗ ಹಿಡಿದದ್ದು ಇನ್ನೊಂದು ದಾರಿ, ಕಂಟೆಂಟ್-ವಿಸಿಬಿಲಿಟಿ. ಎರಡೇ ಸಾಲಿನ ಸಿಎಸ್ಎಸ್ (ಪುಟದ ರೂಪ ಹೇಳುವ ಭಾಷೆ). ಮೌಲ್ಯ ‘ಆಟೋ’, ಜೊತೆಗೆ ಕಂಟೇನ್-ಇಂಟ್ರಿನ್ಸಿಕ್-ಸೈಜ್‌ನಲ್ಲಿ ಒಂದು ಅಂದಾಜು ಎತ್ತರ. ಪರದೆಯಾಚೆಯದನ್ನು ಬ್ರೌಸರ್ ಚಿತ್ರಿಸುವುದಿಲ್ಲ, ಆದರೂ ಹುಡುಕಿದರೆ ಸಿಗುತ್ತದೆ. ಕ್ರೋಮ್‌ನಲ್ಲಿ 2020ರಿಂದ ಇದೆ, ಸಫಾರಿಗೆ ಬಂದದ್ದು 2024ರಲ್ಲಿ. ಹಳೆಯದರಲ್ಲಿ ಏನೂ ಮುರಿಯುವುದಿಲ್ಲ, ನಿಧಾನ ಅಷ್ಟೇ. ಎಡವಿದ್ದು ಬೇರೆ ಕಡೆ: ಟೇಬಲ್‌ನ ಸಾಲುಗಳಿಗೆ ಇದು ನಾಟುವುದೇ ಇಲ್ಲ. ಟೇಬಲ್ ಒಡೆದು ತಿಂಗಳಿಗೊಂದು ಡಿವ್ (ಸಾದಾ ಪೆಟ್ಟಿಗೆಯಂಥ ಎಲಿಮೆಂಟ್) ಮಾಡಿದೆ. ದರ ತೋರಿಸುವ ಪುಟ್ಟ ಪಾಪ್ಅಪ್ ತಿಂಗಳ ಡಿವ್‌ನ ಅಂಚಿನಲ್ಲಿ ಅರ್ಧ ಕತ್ತರಿಸಿಹೋಯಿತು. ಅದನ್ನು ಡಿವ್‌ನಿಂದ ಹೊರಗೆ ತೆಗೆದಿಟ್ಟೆ.

ಇನ್ನು ಮೆಮೊರಿ. ಇಲ್ಲಿ ವರ್ಚುವಲ್ ಲಿಸ್ಟೇ ಗೆಲ್ಲಬೇಕು, ಯಾಕೆಂದರೆ ಇನ್ನೊಂದರಲ್ಲಿ ಎಲ್ಲ ಎಲಿಮೆಂಟೂ ಹಾಗೇ ಕೂತಿರುತ್ತವೆ. ನನ್ನಲ್ಲಿ ಆದದ್ದು ಉಲ್ಟಾ. 2 ಜಿಬಿಯ ಹಳೇ ಫೋನಿನಲ್ಲಿ ನಾಲ್ಕೈದು ಸಲ ಮೇಲೆ ಕೆಳಗೆ ಎಳೆದರೆ ಟ್ಯಾಬ್ ಸತ್ತೇ ಹೋಗುತ್ತಿತ್ತು. ವರ್ಚುವಲ್ ಲಿಸ್ಟಿನ ಲೈಬ್ರರಿಗೆ ಎರಡು ದಿನ ಬೈದೆ. ಆಮೇಲೆ ಹೀಪ್ ಸ್ನಾಪ್‌ಶಾಟ್ (ಮೆಮೊರಿಯಲ್ಲಿ ಏನೇನಿದೆ ಎಂಬ ಪಟ್ಟಿ) ತೆಗೆದು ‘ಡಿಟ್ಯಾಚ್ಡ್’, ಅಂದರೆ ಪುಟದಿಂದ ಕಳಚಿದವು, ಎಂದು ಹುಡುಕಿದರೆ ಸಾವಿರಗಟ್ಟಲೆ ಸತ್ತ ಸಾಲುಗಳು. ಪ್ರತಿ ಸಾಲೂ ವಿಂಡೋಗೆ ಅದರ ಗಾತ್ರ ಬದಲಾದರೆ ಓಡುವ ಒಂದು ರಿಸೈಜ್ ಲಿಸನರ್ ಕಟ್ಟಿಕೊಂಡಿತ್ತು, ಹೋಗುವಾಗ ಬಿಚ್ಚುತ್ತಿರಲಿಲ್ಲ. ಬರೆದವನು ನಾನೇ. ಕಂಟೆಂಟ್-ವಿಸಿಬಿಲಿಟಿಯಲ್ಲೂ ಅದೇ ತಪ್ಪು ಇತ್ತು, ಆದರೆ ಅಲ್ಲಿ ಸಾಲು ಹುಟ್ಟುವುದು ಒಂದೇ ಸಲ. ವರ್ಚುವಲ್‌ನಲ್ಲಿ ಎಳೆದಷ್ಟೂ ಹುಟ್ಟಿ ಸಾಯುತ್ತವೆ, ಸೋರಿಕೆಯೂ ಅಷ್ಟೇ ಬೆಳೆಯುತ್ತದೆ. ಲಿಸನರ್ ಬಿಚ್ಚಿದ ಮೇಲೆ ಹಳೇ ಫೋನು ಸುಮ್ಮನಾಯಿತು.

ಈಗ ವಖಾರಿಯ ಕಂಪ್ಯೂಟರಿಗೆ ಕಂಟೆಂಟ್-ವಿಸಿಬಿಲಿಟಿ, ಫೋನಿಗೆ ವರ್ಚುವಲ್ ಲಿಸ್ಟ್. ಎರಡನ್ನೂ ಸಾಕುವುದು ಕಿರಿಕಿರಿಯೇ. ಹೊಸದಾಗಿ ಶುರುಮಾಡುವುದಾದರೆ ಸಿಎಸ್ಎಸ್‌ನಿಂದಲೇ ಶುರುಮಾಡುತ್ತಿದ್ದೆ. ಫೋನಿನಲ್ಲಿ ಪಟ್ಟಿಯ ತಲೆಯ ಮೇಲೆ ಬೇರೆ ಹುಡುಕು ಪೆಟ್ಟಿಗೆ ಇಟ್ಟಿದ್ದೇನೆ; ಗುಮಾಸ್ತರು ಅದನ್ನು ಮುಟ್ಟುವುದಿಲ್ಲ, ಎದ್ದು ಹೋಗಿ ಕಂಪ್ಯೂಟರಿನಲ್ಲೇ ಹುಡುಕುತ್ತಾರೆ.