ಬಿಸಿ ಇದ್ದಾಗ ಸ್ಟಾರ್ಟ್ ಆಗದ ಹಳೇ ಕಾರು, ನೀರಿಗೆ ಹೋದ 14,500 ರೂಪಾಯಿ

ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡವರು ಇದನ್ನು ಒಂದ್ಸಲ ಓದಿಬಿಡಿ. ಅದರಲ್ಲೂ ನಮ್ಮ ಕಲಬುರಗಿ ಕಡೆಯವರು. ಇಲ್ಲಿ ಬೇಸಿಗೆಯಲ್ಲಿ ಗಾಡಿ ಕೈಕೊಟ್ಟರೆ ಎಲ್ಲರ ಬಾಯಲ್ಲೂ ಒಂದೇ ಮಾತು, "ಬಿಸಿಲಿಗೆ ಹಂಗ ಆಗ್ತದ್ರಿ". ನಾನೂ ಅದನ್ನೇ ನಂಬಿ ಎರಡು ತಿಂಗಳು ಸುಮ್ನೆ ಹಾಳು ಮಾಡಿಕೊಂಡೆ.

ನನ್ನದು 2006ರ ಸಣ್ಣ ಕಾರು, ಕೆಎ 32 ನಂಬರು, ಇಂಜೆಕ್ಷನ್ ಇಂಜಿನ್, ಅಂದರೆ ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಬಿಡುವಂಥದ್ದು. ಕಂಪನಿ ಹೆಸರು ಬೇಡ, ಅವರದ್ದೇನೂ ತಪ್ಪಿಲ್ಲ, ಇಷ್ಟು ವರ್ಷ ಓಡಿದ್ದೇ ದೊಡ್ಡದು. ಮಾರ್ಚ್ ಕೊನೆಗೆ ಕಾಟ ಶುರುವಾಯಿತು. ಬೆಳಗ್ಗೆ ಒಂದೇ ಸಲ ಸೆಲ್ಫ್ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಹೊಡೆದರೆ ಸ್ಟಾರ್ಟ್. ಸೂಪರ್ ಮಾರ್ಕೆಟ್‌ಗೆ ಹೋಗಿ, ಗಾಡಿ ಬಂದ್ ಮಾಡಿ, ಇಪ್ಪತ್ತು ನಿಮಿಷ ಕಾಯಿಪಲ್ಯ ತಗೊಂಡು ಬಂದರೆ ಮುಗೀತು, ಸೆಲ್ಫ್ ಜೋರಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಒಂದು ತಾಸು ಬಿಟ್ಟರೆ ಮತ್ತೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತದೆ.

ಊರೊಳಗಿನ ಒಂದು ಗ್ಯಾರೇಜಿಗೆ ತೋರಿಸಿದೆ. ನೋಡಿದ ಕೂಡಲೇ "ಬ್ಯಾಟರಿ ಹೋಗ್ಯದ" ಅಂದರು. ಮೀಟರ್ ಹಚ್ಚಲಿಲ್ಲ, ಏನಿಲ್ಲ. 4,200 ಹೋಯಿತು. ಎರಡೇ ದಿನಕ್ಕೆ ಮತ್ತೆ ಅದೇ ಕತೆ. ಆಮೇಲೆ ಸೆಲ್ಫ್ ಮೋಟಾರ್ ಬಿಚ್ಚಿ ರಿಪೇರಿ, 2,800. ಪೆಟ್ರೋಲಿಗೆ ಕಿಡಿ ಹಚ್ಚುವ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಿ, ಒಂದಲ್ಲ ಎರಡು ಸಲ, ಒಟ್ಟು 1,200. ಕೊನೆಗೆ "ಪೆಟ್ರೋಲ್ ಪಂಪ್ ವೀಕ್ ಆಗ್ಯದ್ರಿ, ಬಿಸಿ ಆದಾಗ ಎತ್ತಂಗಿಲ್ಲ" ಅಂತ ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ಕಳಿಸುವ ಹೊಸ ಪಂಪ್ ಹಾಕಿದೆವು ಅಂದರು, ಕೂಲಿ ಸೇರಿ 6,300. ಬಿಲ್ ಕೇಳಲು ನನಗೆ ಸಂಕೋಚ. ಹಳೇ ಪಂಪ್ ಎಲ್ಲಿ ಅಂತಲೂ ಕೇಳಲಿಲ್ಲ. ಅದರ ಕತೆ ಕೊನೆಗೆ ಹೇಳುತ್ತೇನೆ.

ಇಲ್ಲಿ ನನ್ನ ದಡ್ಡತನ ಒಂದನ್ನು ಒಪ್ಪಿಕೊಳ್ಳಬೇಕು. ಸೆಲ್ಫ್ ಅಷ್ಟು ಜೋರಾಗಿ ತಿರುಗುತ್ತಿರುವಾಗ ಬ್ಯಾಟರಿಯಾಗಲಿ ಸೆಲ್ಫ್ ಮೋಟಾರಾಗಲಿ ಹೋಗಿದೆ ಅಂದರೆ ನಂಬಬಾರದಿತ್ತು. ಕೀಲಿ ತಿರುಗಿಸಿದಾಗ ಟಕ್ ಟಕ್ ಅಂತ ನಿಂತರೆ, ಇಲ್ಲ ಅಳುತ್ತಾ ತಿರುಗಿದರೆ, ಆಗ ಬ್ಯಾಟರಿ, ಟರ್ಮಿನಲ್, ಅರ್ತ್ ವೈರ್, ಸೆಲ್ಫ್ ನೋಡಬೇಕು. ಅದಕ್ಕೂ ಮುನ್ನೂರು ನಾನೂರು ರೂಪಾಯಿ ಮಲ್ಟಿಮೀಟರ್ ಸಾಕು. ಒಂದು ರಾತ್ರಿ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಹತ್ತಿರ ಇದ್ದರೆ ಪೂರ್ತಿ ಚಾರ್ಜ್ ಇದೆ, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು, ಇಂಜಿನ್ ಓಡುವಾಗ 14ರ ಆಸುಪಾಸು ಬರಬೇಕು. ಎರಡು ನಿಮಿಷದ ಕೆಲಸ. ಇದನ್ನು ಮಾಡದೆ ಬ್ಯಾಟರಿ ಬದಲಿಸಿ ಅನ್ನುವವರ ಹತ್ತಿರ ನಿಲ್ಲಬೇಡಿ.

ಇನ್ನೊಂದು. ಪ್ರತಿ ಸಲ ಪ್ಲಗ್ ಬಿಚ್ಚಿದಾಗ ಅದು ಒಲೆಯ ಮಸಿ ಹಾಗೆ ಕರ್ರಗೆ ಇರುತ್ತಿತ್ತು. ಗ್ಯಾರೇಜಿನ ಹುಡುಗ ನನಗೇ ತೋರಿಸಿ "ನೋಡ್ರಿ ಅಣ್ಣಾರ, ಪ್ಲಗ್ ಖರಾಬ್" ಅಂತಿದ್ದ. ಯಾಕೆ ಕರ್ರಗಾಯಿತು ಅಂತ ಅವನೂ ಯೋಚಿಸಲಿಲ್ಲ, ನಾನೂ ಇಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಮೈಲೇಜು ಬಿದ್ದದ್ದು, ಪೆಟ್ರೋಲ್ ಜಾಸ್ತಿ ಹೋಗುತ್ತಿರುವ ಗುರುತೆಲ್ಲ ಕಣ್ಣೆದುರಿಗೇ ಇತ್ತು.

ಮೇ ತಿಂಗಳ ಹುಣ್ಣಿಮೆಗೆ ಅಪ್ಪನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋದೆ. ಹೊಸ ಪಂಪ್ ಬಿದ್ದಿದೆಯಲ್ಲ ಅನ್ನೋ ಧೈರ್ಯ. ಚೌಡಾಪುರ ದಾಟಿ ಆರಾಮಾಗಿ ತಲುಪಿದೆವು, ಸಂಗಮಕ್ಕೆ ಹೋಗಿ, ದತ್ತನ ದರ್ಶನ ಮುಗಿಸಿ, ಪ್ರಸಾದ ಕಟ್ಟಿಸಿಕೊಂಡು ಬಂದು ಕೂತರೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಮಧ್ಯಾಹ್ನ ಒಂದೂವರೆ. ಅಪ್ಪನಿಗೆ ಎಪ್ಪತ್ತೆರಡು ವರ್ಷ, ಬಿಪಿ ಬೇರೆ. ನಾನು ಗಾಬರಿಯಲ್ಲಿ ಸೆಲ್ಫ್ ಹೊಡೆದದ್ದೇ ಹೊಡೆದದ್ದು. ಹಾಗೆ ಮಾಡಬೇಡಿ, ಐದಾರು ಸೆಕೆಂಡ್ ಹೊಡೆದು ಅರ್ಧ ನಿಮಿಷವಾದರೂ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟಾರ್ ಸುಡುತ್ತದೆ.

ಜನ ಸೇರಿದರು. ಯಾರೋ ಪುಣ್ಯಾತ್ಮ ಬಂದು "ಪೆಟ್ರೋಲ್ ಎಳೀಲಿಕ್ಹತ್ತಿಲ್ಲ" ಅಂತ ಏರ್ ಫಿಲ್ಟರ್ ಬಿಚ್ಚಿ, ಬಾಟಲಿ ಮುಚ್ಚಳದಲ್ಲಿ ಪೆಟ್ರೋಲ್ ತಗೊಂಡು ನೇರ ಒಳಗೆ ಸುರಿದ. "ಹೊಡೀರಿ ಸೆಲ್ಫ್" ಅಂದ. ಹೊಡೆದೆ. ಭಗ್ ಅಂತ ಬೆಂಕಿ ಹೊರಗೆ ಬಂತು. ಅವನ ಕೈ ಮೇಲಿನ ಕೂದಲೆಲ್ಲ ಚುರುಚುರು ಸುಟ್ಟು ಹೋಯಿತು, ಮುಖ ಹಿಂದೆ ಇದ್ದದ್ದಕ್ಕೆ ಉಳಿದ. ಇಂಜಿನ್ ಒಳಗೆ ಮೊದಲೇ ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಒದ್ದೆಯಾಗಿತ್ತು, ಅದರ ಮೇಲೆ ನಾವು ಇನ್ನಷ್ಟು ಸುರಿದೆವು! ಯಾರೇ ಹೇಳಲಿ, ಎಷ್ಟೇ ಅವಸರ ಇರಲಿ, ಇದನ್ನು ಮಾತ್ರ ಮಾಡಲು ಬಿಡಬೇಡಿ.

ಕೊನೆಗೆ ನಾಲ್ಕು ಜನ ಸೇರಿ ದಬ್ಬಿ ಸ್ಟಾರ್ಟ್ ಮಾಡಿದರು, ಹಿಂದಿನಿಂದ ಎಮ್ಮೆ ಬಣ್ಣದ ಹೊಗೆ. ದಬ್ಬುವುದೂ ತಪ್ಪೇ ಅಂತ ಆಮೇಲೆ ಗೊತ್ತಾಯಿತು. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಸುಡುತ್ತದೆ, ಅದು ಹೋದರೆ ಖರ್ಚು ಈ ಎಲ್ಲದಕ್ಕಿಂತ ಜಾಸ್ತಿ. ದಾರಿಯುದ್ದಕ್ಕೂ ಗಾಡಿ ಬಂದ್ ಮಾಡದೆ ಮನೆ ಸೇರಿದೆವು. ಅಪ್ಪ ಒಂದು ಮಾತೂ ಆಡಲಿಲ್ಲ, ಅದೇ ಜಾಸ್ತಿ ನೋವಾಯಿತು.

ಮರುದಿನ ತಮ್ಮನ ಮಾತು ಕೇಳಿ ಆಳಂದ ರಸ್ತೆ ಕಡೆ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಎಲ್ಲರೂ ಚಾಚಾ ಅಂತಾರೆ. ಅವರು ಮೊದಲು ಸ್ಪ್ಯಾನರ್ ಎತ್ತಲಿಲ್ಲ, ಪ್ರಶ್ನೆ ಕೇಳಿದರು. ಬೆಳಗ್ಗೆ ಹೆಂಗ? ಬಿಸಿ ಇದ್ದಾಗ ಹೆಂಗ? ವಾಸನೆ ಬರ್ತದೇನು? ಆಮೇಲೆ ಇಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಗಾಡಿಯ ಕಂಪ್ಯೂಟರಿನ ಲೆಕ್ಕ ಓದುವ ಸ್ಕ್ಯಾನರ್ ಚುಚ್ಚಿದರು. ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ನಡುವಿನಲ್ಲಿತ್ತು, ಅಂದರೆ ಇಂಜಿನ್ ಬಿಸಿ. ಸ್ಕ್ಯಾನರ್ ಮಾತ್ರ ಕೂಲೆಂಟ್, ಅಂದರೆ ಇಂಜಿನ್ ತಂಪು ಮಾಡುವ ನೀರು, 24 ಡಿಗ್ರಿ ಅಂತ ತೋರಿಸುತ್ತಿತ್ತು.

ಚಾಚಾ ನಕ್ಕುಬಿಟ್ಟರು. "ಸಾಹೇಬ್ರ, ಮೇ ತಿಂಗಳಾಗ ನಮ್ಮೂರಿನ ನೆರಳೇ 24 ಇರಂಗಿಲ್ಲ. ನಿಮ್ಮ ಇಂಜಿನ್ ಊಟಿಗಿ ಹೋಗ್ಯದೇನು?"

ವಿಷಯ ಇಷ್ಟೇ. ಇಂಜಿನ್ ಎಷ್ಟು ಬಿಸಿ ಇದೆ ಅಂತ ಗಾಡಿಯ ಕಂಪ್ಯೂಟರಿಗೆ ಹೇಳಲು ಒಂದು ಸಣ್ಣ ಸೆನ್ಸರ್ ಇರುತ್ತದೆ, ಕೂಲೆಂಟ್ ನೀರಿನಲ್ಲಿ ಮೂತಿ ಇಟ್ಟುಕೊಂಡು ಕೂತಿರುತ್ತದೆ. ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ಅಡ್ಡಿ, ಓಮ್ ಲೆಕ್ಕದಲ್ಲಿ) ಜಾಸ್ತಿ, ಬಿಸಿಯಾದಂತೆ ಇಳಿಯುತ್ತದೆ. ಬಹಳ ಗಾಡಿಗಳಲ್ಲಿ 20 ಡಿಗ್ರಿಗೆ ಎರಡೂವರೆ ಸಾವಿರ ಓಮ್ ಸುಮಾರು, 80ಕ್ಕೆ 300ರ ಹತ್ತಿರ. ತಣ್ಣಗಿದೆ ಅಂತ ಹೇಳಿದರೆ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಬೆಳಗ್ಗೆ ಇಂಜಿನ್ ನಿಜಕ್ಕೂ ತಣ್ಣಗೇ ಇರುವುದರಿಂದ ಆ ಜಾಸ್ತಿ ಪೆಟ್ರೋಲ್ ನಡೆದುಹೋಗುತ್ತಿತ್ತು, ಬಿಸಿ ಇಂಜಿನ್ ಮಾತ್ರ ಅದರಲ್ಲಿ ಮುಳುಗಿ ಉಸಿರು ಕಟ್ಟುತ್ತಿತ್ತು. ಮುಳ್ಳಿಗೆ ನನ್ನ ಗಾಡಿಯಲ್ಲಿ ಬೇರೆಯದೇ ಸೆನ್ಸರ್, ಹಾಗಾಗಿ ಅದು ಸರಿಯಾಗಿಯೇ ತೋರಿಸುತ್ತಿತ್ತು. ಚೆಕ್ ಇಂಜಿನ್ ಲೈಟೂ ಬರಲಿಲ್ಲ, ಯಾಕಂದ್ರೆ 24 ಡಿಗ್ರಿ ಅನ್ನುವುದು ಕಂಪ್ಯೂಟರ್ ಲೆಕ್ಕದಲ್ಲಿ ಅಸಾಧ್ಯವೇನಲ್ಲ. ಅದಕ್ಕೆ ಕಲಬುರಗಿ ಗೊತ್ತಿಲ್ಲ ನೋಡಿ.

ಮಜಾ ಅಂದರೆ ಸೆನ್ಸರ್ ಕೂಡ ಕೆಟ್ಟಿರಲಿಲ್ಲ. ಕನೆಕ್ಟರ್ ಕಿತ್ತು ಸೆನ್ಸರಿಗೇ ಮೀಟರ್ ಹಚ್ಚಿದಾಗ 290 ಓಮ್, ಸರಿಯಾಗಿತ್ತು. ಕನೆಕ್ಟರಿನ ಪಿನ್ ಹಸಿರು ಕಿಲುಬು ಹಿಡಿದಿತ್ತು, ಆ ಕಿಲುಬಿನ ರೆಸಿಸ್ಟೆನ್ಸ್ ಸೇರಿಕೊಂಡು ಸುಳ್ಳು ಲೆಕ್ಕ ಹೋಗುತ್ತಿತ್ತು. ಹಳೇ ಕನೆಕ್ಟರ್ ಕತ್ತರಿಸಿ ಬೇರೆ ಹಾಕಿದರು, ಸ್ಕ್ಯಾನರ್ ಒಮ್ಮೆಲೇ 86ಕ್ಕೆ ಏರಿತು. ಕೂಲಿ, ಸಾಮಾನು ಎಲ್ಲ ಸೇರಿ 700. ಇಂಜಿನ್ ಆಯಿಲ್‌ನಲ್ಲೂ ಪೆಟ್ರೋಲ್ ವಾಸನೆ ಇತ್ತು, ಅದನ್ನೂ ಬದಲಿಸಿದೆ, ಅದರ ಖರ್ಚು ಬೇರೆ.

ಚಾಚಾ ಹೇಳಿಕೊಟ್ಟ ಎರಡು ಪರೀಕ್ಷೆ ಇವೆ, ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಉಪಯೋಗ ಆಗಬಹುದು. ಪೆಟ್ರೋಲ್ ವಾಸನೆ ಇದ್ದು ಸ್ಟಾರ್ಟ್ ಆಗದಿದ್ದರೆ ಆಕ್ಸಿಲರೇಟರ್ ಪೂರ್ತಿ ನೆಲಕ್ಕೆ ಒತ್ತಿ ಹಿಡಿದು ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಬಹಳ ಇಂಜೆಕ್ಷನ್ ಗಾಡಿಗಳಲ್ಲಿ ಹಾಗೆ ಮಾಡಿದಾಗ ಪೆಟ್ರೋಲ್ ಬಂದ್ ಆಗಿ ಬರೀ ಗಾಳಿ ಹೋಗುತ್ತದೆ, ಒಳಗಿನದು ಆರುತ್ತದೆ. ಹಿಡಿದ ಕೂಡಲೇ ಕಾಲು ತೆಗೆಯಿರಿ. ಇದಕ್ಕೆ ಸ್ಟಾರ್ಟ್ ಆದರೆ ಪೆಟ್ರೋಲ್ ಜಾಸ್ತಿ ಆಗುವ ಕಡೆ ಹುಡುಕಿ. ವಾಸನೆ ಇಲ್ಲದಿದ್ದರೆ ಕೀಲಿ ಆನ್ ಮಾಡಿ, ಹಿಂದೆ ಪಂಪ್ ಗುಂಯ್ ಅನ್ನುವ ಸದ್ದು ಎರಡು ಸೆಕೆಂಡ್ ಕೇಳಿ ಆಫ್ ಮಾಡಿ, ಹೀಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್. ಆಗ ಚಟ್ ಅಂತ ಹಿಡಿದರೆ ಲೈನಿನಲ್ಲಿ ಪ್ರೆಶರ್ ನಿಲ್ಲುತ್ತಿಲ್ಲ ಅಂತ, ಪಂಪಿನ ವಾಲ್ವ್ ನೋಡಿಸಬೇಕು.

ಪಂಪ್ ಅಂದಾಗ ನಾನು ಹೆಮ್ಮೆಯಿಂದ, ಪಂಪ್ ಹೊಸದು ಚಾಚಾ, ಹೋದ ತಿಂಗಳು ಹಾಕಿಸಿದ್ದು ಅಂದೆ. ಅವರು ಹಿಂದಿನ ಸೀಟ್ ಎತ್ತಿದರು. ಟ್ಯಾಂಕಿನ ಮುಚ್ಚಳದ ಮೇಲೆ ಬೆರಳು ಗಾತ್ರದ ಧೂಳು, ಸ್ಕ್ರೂ ತಲೆಯ ಸಂದಿಯಲ್ಲಿ ಗಟ್ಟಿಯಾದ ಮಣ್ಣು. "ಇದು ಗಾಡಿ ಬಂದಾಗಿಂದ ಯಾರೂ ಬಿಚ್ಚಿಲ್ರಿ" ಅಂದರು.

ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು ಆ ಗ್ಯಾರೇಜಿಗೆ ಹೋದೆ. ಮೊದಲು "ಕೆಳಗಿಂದ ಟ್ಯಾಂಕ್ ಇಳಿಸಿ ಹಾಕೀವಿ" ಅಂದರು. ಬನ್ನಿ, ಟ್ಯಾಂಕ್ ಬೋಲ್ಟ್ ನೋಡೋಣ ಅಂದೆ. ಆಗ ದನಿ ಇಳಿಸಿ, "ಬಿಲ್ ಅದ ಏನ್ರಿ ನಿಮ್ಮ ಕಡೆ?" ಅಂದರು. ಇರಲಿಲ್ಲ. ಮುಂದಿನ ಸರ್ವೀಸ್ ಫ್ರೀ ಮಾಡಿಕೊಡ್ತೀವಿ ಬರ್ರಿ ಅಂದರು, ಒಂದು ಚಹಾನೂ ತರಿಸಿದರು. ಕುಡಿಯದೆ ಎದ್ದು ಬಂದೆ.